ಜಲಜಾಕ್ಷಿ ಬಿಸಿಲಿಗೆ ಬಂದು ತೆಗೆದ ಫೋಟೋ

ಗಲ್ಫಿನ ಕರಾಮ ಬಡಾವಣೆಯಲ್ಲಿ ಧರ್ಮಪಾಲನದ್ದೊಂದು ಸಣ್ಣ ಸ್ಟುಡಿಯೋ. ಅರಬ್ ಮನೆಗಳವರು ಆಗಾಗ ಬಂದು, ಮದುವೆಗೆ ಲೇಡಿ ಫೋಟೋಗ್ರಾಫರ್ ಇದ್ದಾರೆಯೇ ಎಂದು ವಿಚಾರಿಸಿ, ಇಲ್ಲವೆಂದರೆ ಹೊರಟುಹೋಗುತ್ತಿದ್ದರು. ಹೆಂಗಸರ ಹಾಲ್‌ಗೆ ಗಂಡಸರು ಕಾಲಿಡುವಂತಿಲ್ಲವಲ್ಲ. ಮೂರನೆಯ ಸಲ ಯಾರೋ ಹೀಗೆ ಕೇಳಿದಾಗ ಕೌಂಟರಿನಲ್ಲಿ ಕೂತಿದ್ದ ಅವನ ಹೆಂಡತಿ ಜಲಜಾಕ್ಷಿ, "ಇದ್ದಾರೆ" ಎಂದುಬಿಟ್ಟಳು. ಅಲ್ಲಿಯವರೆಗೆ ಅವಳು ಕ್ಯಾಮೆರಾ ಮುಟ್ಟಿದವಳಲ್ಲ. ಮದುವೆಗೆ ಹನ್ನೆರಡು ದಿನ ಇತ್ತು. ಅಷ್ಟರಲ್ಲಿ ಕಲಿತಳು.

ಆಮೇಲೆ ಒಂಬತ್ತು ವರ್ಷ ಅದೇ ಕೆಲಸ. ಪರದೆ ಎಳೆದ ಹಾಲ್‌ಗಳು, ಫ್ಲ್ಯಾಶಿನ ಬೆಳಕು, ಮೈತುಂಬ ಚಿನ್ನ ಹೊತ್ತ ಮದುಮಗಳು. ಫೋಟೋಗಳನ್ನು ನೆಗೆಟಿವ್ ಸಮೇತ ಮನೆಯವರ ಕೈಗೆ ಕೊಟ್ಟು ಬರಬೇಕು. ತನಗೆಂದು ಒಂದು ಪ್ರತಿಯನ್ನೂ ಇಟ್ಟುಕೊಳ್ಳುವಂತಿಲ್ಲ.

ತೊಂಬತ್ತೆಂಟರ ನವೆಂಬರಿನಲ್ಲಿ ಮೈಸೂರು ಕಡೆಯ ಚಾಮುಂಡೇಶ್ವರಿ ಎಂಬವರು ಮಗಳು ಹಿತಾಳನ್ನು ಕರೆದುಕೊಂಡು ಬಂದರು. ಹುಡುಗಿ ಅಮೆರಿಕನ್ ಪದ್ಧತಿಯ ಶಾಲೆಯೊಂದರಲ್ಲಿ ಹನ್ನೆರಡನೆಯ ಕ್ಲಾಸು.

"ನೀವೇ ತೆಗೀತೀರಂತಲ್ಲ, ಅದಕ್ಕೇ ಬಂದ್ವಿ ಕಣ್ರೀ. ಕೊನೇ ವರ್ಷದ ಪುಸ್ತಕಕ್ಕೆ ಫೋಟೋ ಬೇಕಂತೆ. ಸ್ಟುಡಿಯೋದಲ್ಲಿ ಬೇಡ್ವಂತೆ, ಹೊರಗೇ ಆಗ್ಬೇಕಂತೆ."

ಹಿತಾ ಶಾಲೆಯಲ್ಲಿ ಕೊಟ್ಟಿದ್ದ ಮಾದರಿ ಪುಸ್ತಕ ಬಿಡಿಸಿದಳು. ಪುಟಪುಟದಲ್ಲೂ ಅವಳ ವಯಸ್ಸಿನವರೇ. ಎಲ್ಲರ ಹಿಂದೆಯೂ ಬೆಂಕಿ ಹತ್ತಿದಂತೆ ಕೆಂಪಾದ ಮರಗಳು.

"ದಿಸ್ ಈಸ್ ಫಾಲ್, ಆಂಟಿ."

"ಫಾಲ್ ಅಂದ್ರೆ ಎಂತ ಬೀಳುದು?"

"ಎಲೆ, ಆಂಟಿ. ಇಲ್ಲಿ ಅದೆಲ್ಲ ಇಲ್ವೇ ಇಲ್ಲ. ಸೋ ಬೋರಿಂಗ್!"

"ಎಲೆ ಬೀಳದಿದ್ರೆ ಬೇಡ. ಈ ತಿಂಗಳಲ್ಲಿ ಇಲ್ಲಿ ಎಂತಾದ್ರೂ ಆಗ್ತದಲ್ಲ? ನಾಲ್ಕು ದಿನ ಟೈಮ್ ಕೊಡಿ, ನೋಡುವ," ಎಂದಳು ಜಲಜಾಕ್ಷಿ.

ಹೇಳಿದ ಮೇಲೆ ಅವಳಿಗೇ ಕುತೂಹಲ ಹತ್ತಿತು. ಇಷ್ಟು ವರ್ಷ ಈ ಊರಿನಲ್ಲಿದ್ದರೂ ನವೆಂಬರ್ ಎಂದರೆ ಎಸಿ ಆರಿಸುವ ತಿಂಗಳು ಎಂಬುದಷ್ಟೇ ಅವಳಿಗೆ ಗೊತ್ತು. ಅಡುಗೆ ಮುಗಿಸಿ ಗಲ್ಲಿಗಲ್ಲಿ ಸುತ್ತಿದಳು. ನಾಲ್ಕು ಗಂಟೆಯ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಿಂತು ನೋಡಿದಳು. ಕೊನೆಗೆ ದಾರಿ ತೋರಿಸಿದ್ದು ಕೆಳಗಿನ ಫ್ಲ್ಯಾಟಿನ ಪಾತುಮ್ಮ. ಅವಳ ಗಂಡನ ಗ್ಯಾರೇಜು ಇದ್ದದ್ದು ಊರಂಚಿನ ರಾಸ್ ಅಲ್ ಖೋರ್‌ನಲ್ಲಿ.

"ಅಲ್ಲಿ ನೀರಲ್ಲಿ ಉದ್ದ ಕಾಲಿನ ಹಕ್ಕಿಗಳು ಬರ್ತವೆ ಜಲಜಕ್ಕ, ಗುಲಾಬಿ ಬಣ್ಣದ್ದು. ಚಳಿ ಶುರುವಾದ್ರೆ ಲೆಕ್ಕವೇ ಇಲ್ಲ. ನೀವು ನೋಡ್ಲೇ ಇಲ್ವಾ?"

ನೋಡಿರಲಿಲ್ಲ. ಶುಕ್ರವಾರ ಧರ್ಮಪಾಲ ತನ್ನ ಬಿಳಿ ವ್ಯಾನಿನಲ್ಲಿ ಎಲ್ಲರನ್ನೂ ಕರೆದೊಯ್ದ. ರಸ್ತೆ ಬದಿಯ ಬೇಲಿಯಾಚೆ, ಆಳವಿಲ್ಲದ ನೀರಿನಲ್ಲಿ ನೂರಾರು ಹಕ್ಕಿಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಜಲಜಾಕ್ಷಿ ಹಿತಾಳನ್ನು ಬೇಲಿಗೆ ಬೆನ್ನು ಹಾಕಿ ನಿಲ್ಲಿಸಿ ಒಂದು ಇಡೀ ರೋಲು ತೆಗೆದಳು.

ತೊಳೆದು ನೋಡಿದರೆ ಹಕ್ಕಿಗಳು ಚೆಂದ ಬಂದಿದ್ದವು. ಹುಡುಗಿಯ ಮುಖ ಮಾತ್ರ ಒಲೆಯ ಮೇಲಿನ ಪಾತ್ರೆಯ ತಳದಂತೆ ಕಪ್ಪು.

"ಸೂರ್ಯನಿಗೆ ಸ್ವಿಚ್ ಇಲ್ಲ ಮಾರಾಯ್ತಿ. ಬೆನ್ನ ಹಿಂದೆ ಇಟ್ಟುಕೊಂಡ್ರೆ ಹೀಗೇ," ಎಂದು ಧರ್ಮಪಾಲ ನಕ್ಕ.

ಜಲಜಾಕ್ಷಿ ನಗಲೂ ಇಲ್ಲ, ಮುಖ ಸಣ್ಣ ಮಾಡಿಕೊಳ್ಳಲೂ ಇಲ್ಲ. ಮೂವತ್ತಾರು ಫೋಟೋಗಳನ್ನೂ ನೆಲದ ಮೇಲೆ ಹರಡಿ ಒಂದೊಂದಾಗಿ ನೋಡಿದಳು. ಒಂದರಲ್ಲಿ ಮಾತ್ರ ಕೆನ್ನೆ ಬೆಳಗಿತ್ತು. ಯಾಕೆ? ನೆನಪು ಮಾಡಿಕೊಂಡಳು: ಆಗ ಹಿತಾ ನೀರು ಕುಡಿಯಲು ವ್ಯಾನಿನ ಹತ್ತಿರ ಬಂದಿದ್ದಳು. ವ್ಯಾನಿನ ಬಿಳಿ ಮೈಗೆ ಬಡಿದ ಬಿಸಿಲು ಹುಡುಗಿಯ ಮುಖಕ್ಕೆ ಮರಳಿತ್ತು!

ಮುಂದಿನ ಶುಕ್ರವಾರ ದೊಡ್ಡದೊಂದು ಥರ್ಮೊಕೋಲ್ ಹಲಗೆ ಹಿಡಿದು ಮತ್ತೆ ಹೋದರು. ಹಲಗೆ ಚಾಮುಂಡೇಶ್ವರಿಯವರ ಕೈಗೆ ಬಂತು. ಗಾಳಿಗೆ ಅದು ಹಾರಿಹೋಗಲು ನೋಡುತ್ತಿತ್ತು.

"ಇನ್ನು ಸ್ವಲ್ಪ ಕೆಳಗೆ ಹಿಡೀರಿ ಅಕ್ಕ. ಹಾಂ, ಹಾಗೇ ಇರ್ಲಿ."

ಬೆಳಕು ಮಗಳ ಮುಖಕ್ಕೆ ಬಿತ್ತು. ತಾಯಿ ಅಲುಗಾಡದೆ ನಿಂತು ಆ ಮುಖವನ್ನೇ ನೋಡಿದರು.

"ಹುಬ್ಬಿನ ಪಕ್ಕ ಅದೇನೇ ಗಾಯ? ಯಾವಾಗಾಯ್ತು?"

"ಫಿಫ್ತ್ ಸ್ಟ್ಯಾಂಡರ್ಡಲ್ಲಿ, ಅಮ್ಮಾ. ಸ್ಕೂಲ್ ಬಸ್ಸಲ್ಲಿ. ಯೂ ವರ್ ಅಟ್ ಆಫೀಸ್."

ಅಷ್ಟರಲ್ಲಿ ಏನು ಕಂಡು ಬೆದರಿದವೋ, ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ರೆಕ್ಕೆ ಬಿಚ್ಚಿದಾಗ ಒಳಗಿನ ಕೆಂಪು ಕಂಡಿತು. ಹಿತಾ ಬಾಯಿ ತೆರೆದು ತಿರುಗಿದಳು. ಜಲಜಾಕ್ಷಿ ಬಟನ್ ಒತ್ತಿದಳು.

ಶಾಲೆಯವರು ತೆಗೆದುಕೊಂಡದ್ದು ನೆಟ್ಟಗೆ ನಿಂತು ನಕ್ಕ ಫೋಟೋವನ್ನು. ಬಾಯಿ ತೆರೆದದ್ದು ಚಾಮುಂಡೇಶ್ವರಿಯವರಿಗೆ ಮೊದಲು ಹಿಡಿಸಲಿಲ್ಲ. ಹಿತಾ ಹಟ ಮಾಡಿ ದೊಡ್ಡದು ಮಾಡಿಸಿಕೊಂಡಳು. ಜಲಜಾಕ್ಷಿ ಹಿಂಜರಿಯುತ್ತ, ಒಂದು ಪ್ರತಿ ತಾನು ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. "ಅದಕ್ಕೇನ್ರೀ ಕೇಳೋದು, ತೆಗೆದವರು ನೀವೇ ಅಲ್ವಾ?" ಎಂದರು ಚಾಮುಂಡೇಶ್ವರಿ.

ಮದುವೆ ಹಾಲ್‌ಗಳ ಕೆಲಸ ನಿಲ್ಲಲಿಲ್ಲ. ಆದರೆ ಪ್ರತಿ ನವೆಂಬರಿನಲ್ಲಿ ಆ ಶಾಲೆಯಿಂದ ಐದಾರು ಹುಡುಗಿಯರು ಬರತೊಡಗಿದರು. ಒಮ್ಮೆ ಅಬುಧಾಬಿಯಿಂದಲೂ ಕರೆ ಬಂತು. ಕಡಲಂಚಿನ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಫೋಟೋ ಬೇಕಂತೆ. ಹೋದಾಗ ಇಳಿತದ ಹೊತ್ತು. ನೀರು ಸರಿದ ಕೆಸರಿನಲ್ಲಿ ಪುಟ್ಟ ಏಡಿಗಳು ಒಂದೊಂದು ತೂತಿನಿಂದ ಇಣುಕುತ್ತಿದ್ದವು. ಹುಡುಗಿ ಕೂದಲು ಸರಿಮಾಡಿಕೊಂಡು ಕಾಯುತ್ತಿದ್ದಳು. "ಒಂದು ನಿಮಿಷ ಮಗಾ," ಎಂದ ಜಲಜಾಕ್ಷಿ ಕ್ಯಾಮೆರಾವನ್ನು ಬೆನ್ನಿಗೆ ಸರಿಸಿ, ಸೀರೆಯ ನೆರಿಗೆ ಎತ್ತಿಕೊಂಡು, ಏಡಿಗಳು ಹೇಗೆ ಓಡುತ್ತವೆಂದು ನೋಡಲು ಕುಕ್ಕುರುಗಾಲಿನಲ್ಲಿ ಕೂತಳು.