ದೇವಮ್ಮ ಕೇಳಿದ ಬಾವಿ

ಬೆಳಿಗ್ಗೆ ಮೊಮ್ಮಗಳು ಹಾಲಿನ ಪುಡಿಯ ಡಬ್ಬಿ ತೆರೆದಳು. ಆ ಸಪ್ಪೆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಚಹಾ ಬೇಡವಾಯಿತು. ಪಿತ್ತ ಇರಬೇಕು ಅಂದಳು ಅವಳು. ಪಿತ್ತವಲ್ಲ, ನಾಚಿಕೆ. ನಿಮ್ಮ ಹತ್ತಿರ ಹೇಳಲಿಕ್ಕೆ ಅಡ್ಡಿಯಿಲ್ಲ.

ಅರವತ್ತನೇ ಇಸವಿಯ ಆಚೀಚಿನ ಮಾತು. ಹಳದೀಪುರದ ಹತ್ತಿರ ಕಡಲಿಗೆ ತಾಗಿದ ಶಾಲೆಯಲ್ಲಿ ನಾನು ಮಾಸ್ತರ, ಮೆಟ್ರಿಕ್ ಇಂಗ್ಲಿಷನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದ ಪ್ರಾಣಿ. ಶಾಲೆಗೆ ಅಮೆರಿಕದ ಹಾಲಿನ ಪುಡಿ ಬರುತ್ತಿತ್ತು. ಅದನ್ನು ನೀರಿನಲ್ಲಿ ಕದಡಿ ಕಾಯಿಸಿ ಮಕ್ಕಳಿಗೆ ಕೊಡುವವಳು ದೇವಮ್ಮ. ಒಂದು ಬೇಸಿಗೆ, ಅಮೆರಿಕದ ಮುಂಬಯಿ ಕಚೇರಿಯ ತರುಣ ಅಧಿಕಾರಿಯೊಬ್ಬ ಭಟ್ಕಳ ನೋಡಿಕೊಂಡು, ಹೊನ್ನಾವರದಲ್ಲಿ ತಾರಿ ದೋಣಿಯಲ್ಲಿ ಹೊಳೆ ದಾಟಿ ನಮ್ಮಲ್ಲಿಗೆ ಬಂದ. ಅವನ ಇಂಗ್ಲಿಷು ನಮ್ಮವರಿಗೆ, ನಮ್ಮವರ ಮಾತು ಅವನಿಗೆ ತಿಳಿಸುವ ಕೆಲಸ ನನ್ನದು.

ಹಾಲು ಹೇಗಿದೆ ಎಂದು ಅವನು ಕೇಳಿದಾಗ ದೇವಮ್ಮ ಅಳುಕಲಿಲ್ಲ. "ಹಾಲು ಲಾಯ್ಕ ಇದೆ ಒಡೆಯಾ. ಬಾವಿ ನೀರೇ ಉಪ್ಪು, ಮಕ್ಳಿಗೆ ಹೊಟ್ಟೆ ಕೆಡ್ತದೆ. ಒಂದು ಸಿಹಿ ನೀರಿನ ಬಾವಿ ತೋಡ್ಸಿ ಕೊಡಿ."

ಹೆಡ್ ಮಾಸ್ತರರು ನನ್ನತ್ತ ಕಣ್ಣು ಬಿಟ್ಟರು. ಬಂದವರಿಗೆ ಬೆಲ್ಲ, ನೀರು ಕೊಡುವ ಊರು ನಮ್ಮದು. ಸಾಹೇಬನಿಗೂ ಕೊಟ್ಟಿದ್ದೆವು, ಅರ್ಧ ಮೈಲಿ ಆಚೆಯಿಂದ ದೇವಮ್ಮನೇ ಹೊತ್ತು ತಂದ ಸಿಹಿ ನೀರು. ಅದನ್ನು ಕುಡಿದು ಹೊಗಳಿದವನ ಮುಂದೆ ನಮ್ಮ ಮಕ್ಕಳಿಗೆ ಉಪ್ಪು ನೀರು ಎನ್ನುವುದು ಹೇಗೆ? ಮಕ್ಕಳು ಮೈ ತುಂಬಿಕೊಂಡಿದ್ದಾರೆ, ನಿಮಗೆ ಪುಣ್ಯ ಬರಲಿ ಎನ್ನುತ್ತಿದ್ದಾಳೆ ಎಂದುಬಿಟ್ಟೆ. ಅವನು ನಕ್ಕು ಅವಳಿಗೆ ಕೈ ಮುಗಿದ.

ಜೀಪು ಹೋದ ಮೇಲೆ ದೇವಮ್ಮ ಕೇಳಿದಳು: "ಅಂವ ಎಂತ ಅಂದ ಮಾಸ್ತರೇ?"

ನೋಡುತ್ತೇನೆ ಅಂದ ಎಂದೆ. ಒಂದು ಸುಳ್ಳಿಗೆ ಇನ್ನೊಂದು.

ಸಾಹೇಬ ಒಳ್ಳೆಯವನೇ. ನನಗೆ ವರ್ಷಕ್ಕೊಂದು ಕಾರ್ಡು ಹಾಕುತ್ತಿದ್ದ. ದಿಲ್ಲಿ, ಆಮೇಲೆ ಆಫ್ರಿಕ, ಕೊನೆಗೆ ಯಾವುದೋ ದೇಶಕ್ಕೆ ರಾಯಭಾರಿ. ಪ್ರತಿ ಕಾರ್ಡಿನಲ್ಲೂ ಆ ತಾಯಿಗೆ ನಮಸ್ಕಾರ. ನಿವೃತ್ತನಾದಾಗ, ಇಷ್ಟು ವರ್ಷದ ಚಾಕರಿಯಲ್ಲಿ ತನಗೆ ಸಂದದ್ದು ಅವಳ ಹಾರೈಕೆಯೊಂದೇ ಎಂದು ಬರೆದ. ನಿಜ ಬರೆಯಲು ಪೆನ್ನು ತೆಗೆದೆ, ಕ್ಷೇಮ ಸಮಾಚಾರ ಬರೆದು ಮುಗಿಸಿದೆ.

ದೇವಮ್ಮನೂ ಪ್ರತಿ ಬೇಸಿಗೆ, ಕೊಡ ಹೊತ್ತು ಹೋಗುವಾಗ, ಸಾಹೇಬನ ಕಾಗದ ಬಂತಾ ಎಂದು ಕೇಳುವಳು. ನಾನು ಅವನ ಹೊಸ ಹುದ್ದೆ ಹೇಳುವೆ. "ದೊಡ್ಡವ ಆದ. ಕೆಲ್ಸ ಜಾಸ್ತಿ, ಮರ್ತಿರ್ಬೇಕು," ಎಂದು ನನ್ನ ಮುಖ ನೋಡಿ ಮುಂದೆ ಹೋಗುವಳು. ಹಾಗೆಯೇ ತೀರಿಕೊಂಡಳು. ಊರಿಗೆ ನಳದ ನೀರು ಬಂದದ್ದು ಅದೆಷ್ಟೋ ವರ್ಷ ಕಳೆದು.

ಇವತ್ತು ತಡೆಯಲಾಗಲಿಲ್ಲ. ಬಸ್ಸು ಹತ್ತಿ ಕುಮಟೆಯ ಪೇಟೆಗೆ ಹೋದೆ. ದೇವಮ್ಮನ ಮಗಳು ಲಕ್ಷ್ಮಿ ಅಲ್ಲಿ ತರಕಾರಿ ಮಾರುತ್ತಾಳೆ. ಎಲ್ಲ ಹೇಳಿದೆ. ಅವಳು ಹರಿವೆ ಸೊಪ್ಪಿಗೆ ನೀರು ಚಿಮುಕಿಸುತ್ತಲೇ ಕೇಳಿದಳು.

"ಅವ್ವನಿಗೆ ಗೊತ್ತಿತ್ತು ಮಾಸ್ತರೇ. ಬಾವಿ ಸುದ್ದಿ ಕೇಳ್ದವ ಒಂದ್ಸಲ ಬಾವಿ ಬದಿಗೆ ನೋಡ್ಬೇಕಿತ್ತಲ್ಲ? ಅಂವ ನಗಾಡ್ದ."

ಹಾಗಾದರೆ ವರ್ಷ ವರ್ಷ ಯಾಕೆ ಕೇಳುತ್ತಿದ್ದಳು ಎಂದೆ.

"ನೀವು ಹೇಳ್ತೀರೇನೋ ಅಂತ."

ಬಿಸಿಲಲ್ಲಿ ಬಂದಿದ್ದೇನೆಂದು ಲಕ್ಷ್ಮಿ ಬೆಲ್ಲದ ತುಂಡು, ಒಂದು ಲೋಟ ನೀರು ಮುಂದಿಟ್ಟಳು. ಸಿಹಿ ನೀರೇ. ಸಾಹೇಬ ಕುಡಿದ ಹಾಗೆ ನಾನೂ ಪೂರ್ತಿ ಕುಡಿದೆ.