ಬಾಯಮ್ಮನ ಮನೆಯ ಏಳೂವರೆ ಗಂಟೆ

ಮೊನ್ನೆ ಕಪಾಟಿನ ಕೆಳಗಿನ ಖಾನೆ ಶುಚಿ ಮಾಡುವಾಗ ಹಳೆಯ ರಿಮೋಟೊಂದು ಕೈಗೆ ಸಿಕ್ಕಿತು. ಅದಕ್ಕೊಂದು ಪ್ಲಾಸ್ಟಿಕ್ ಕವರು, ಮೇಲೆ ಎರಡು ರಬ್ಬರ್ ಬ್ಯಾಂಡ್. ಮೂಸಿದರೆ ಈಗಲೂ ಸಣ್ಣಗೆ ಬಂಗುಡೆಯ ವಾಸನೆ. ಮೀನು ತುಂಡು ಮಾಡಿದ ಕೈಯಲ್ಲೇ ಚಾನೆಲ್ ಬದಲಿಸುತ್ತಿದ್ದವರು ಪಕ್ಕದ ಮನೆಯ ಬಾಯಮ್ಮ... ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಗಳ ಹಿರಿಯ ಹೆಂಗಸರನ್ನು ನಾವು ಕರೆಯುವುದೇ ಹಾಗೆ.

ಮುಚ್ಚುಮರೆ ಎಂತಕ್ಕೆ, ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಪ್ಪ ತೀರಿಕೊಂಡ ಮೇಲೆ ಕುಕ್ಕುಂದೂರಿನ ಮನೆಯಲ್ಲಿ ಅಮ್ಮ ಮತ್ತು ಒಬ್ಬಳೇ ಮಗಳು ನಾನು, ಇಬ್ಬರೇ. ಮಣಿಪಾಲದ ಆಫೀಸು ಮುಗಿಸಿ, ಬಸ್ಸಿನಲ್ಲಿ ಜೋತಾಡಿಕೊಂಡು ಮನೆ ಸೇರುವಾಗ ಏಳು ದಾಟುತ್ತಿತ್ತು. ಅಮ್ಮ ಚಾ ಕೊಟ್ಟವಳೇ ಬೇಲಿಯ ಸಂದಿಯಲ್ಲಿ ನುಸುಳಿ ಹೋಗಿಬಿಡುತ್ತಿದ್ದಳು. ಏಳೂವರೆಗೆ ಧಾರಾವಾಹಿ. ನಮ್ಮ ಮನೆಯಲ್ಲೂ ಟಿವಿ ಇತ್ತು ಮಾರಾಯರೇ! ಆದರೂ ಅಲ್ಲಿಗೇ ಹೋಗಬೇಕು. ಸ್ವಲ್ಪ ಹೊತ್ತಿಗೆ ಬಾಯಮ್ಮನ ಕೂಗು ಕೇಳುತ್ತಿತ್ತು: “ಅಯ್ಯೋ ದೇವಾ, ಈ ಅತ್ತೆಗೆ ಎಂತ ಬಂದದ್ದು!” ಹಿಂದೆಯೇ ಅಮ್ಮನ ನಗು. ನನ್ನೆದುರು ಅಮ್ಮ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.

ಸೋಲಬಾರದೆಂದು ದೊಡ್ಡ ಸ್ಮಾರ್ಟ್ ಟಿವಿ ತಂದೆ, ಇಂಟರ್ನೆಟ್ ಹಾಕಿಸಿದೆ. ಸಂಜೆಯ ಕಂತು ಆ್ಯಪ್‌ನಲ್ಲಿ ಬೆಳಿಗ್ಗೆಯೇ ಬಂದುಬಿಡುತ್ತಿತ್ತು. ಬಸ್ಸಿಗೆ ಹೊರಡುವ ಮೊದಲು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಕತೆ ಗೊತ್ತಾದ ಮೇಲೆ ಅಲ್ಲಿ ಎಂತ ಕೆಲಸ, ಇನ್ನು ಸಂಜೆಯ ಅಮ್ಮ ನನ್ನವಳೇ ಎಂದು ಒಳಗೊಳಗೇ ಹಿಗ್ಗಿದೆ. ಸಂಜೆ ನೋಡಿದರೆ ಅಮ್ಮ ಮತ್ತೆ ಚಪ್ಪಲಿ ಮೆಟ್ಟುತ್ತಿದ್ದಾಳೆ.

“ಬೆಳಿಗ್ಗೆ ನೋಡಿ ಆಯಿತಲ್ಲ ಅಮ್ಮಾ?”

“ಬಾಯಮ್ಮ ನೋಡಲಿಲ್ಲ ಅಲ್ವಾ? ಪಾಪ, ಒಬ್ಬರೇ ಹೇಗೆ ನೋಡುವುದು? ನೀನು ಚಾ ಕುಡಿ.”

ಸಿಟ್ಟು ನೆತ್ತಿಗೇರಿತು. ಮರುದಿನ ಶನಿವಾರ, ನನಗೆ ರಜೆ. ಬೆಳಗಿನ ಕಂತು ನೋಡಿ ಮುಗಿಸಿದ್ದೇ ತಡ, ಅಮ್ಮ ಸ್ನಾನಕ್ಕೆ ಹೋದ ಸಮಯ ನೋಡಿ ಬೇಲಿಯ ಹತ್ತಿರ ಹೋದೆ. ಬಾಯಮ್ಮ ಹಿತ್ತಲಿನಲ್ಲಿ ಮೀನು ಶುಚಿ ಮಾಡುತ್ತಿದ್ದರು, ಸುತ್ತ ಮೂರು ಬೆಕ್ಕು. ಅವರ ಸಂಜೆಯನ್ನು ಹಾಳು ಮಾಡಲೆಂದೇ ಹೇಳಿದೆ: “ಇವತ್ತು ಸೊಸೆ ಮನೆ ಬಿಟ್ಟು ಹೋಗುತ್ತಾಳೆ, ಗೊತ್ತುಂಟಾ?”

ಅವರು ತಲೆ ಎತ್ತಲಿಲ್ಲ. “ಗೊತ್ತುಂಟು ಮಗಾ. ದುಬೈಯ ಮಗಳು ಮೊಬೈಲಿಗೆ ಹಾಕಿ ಕೊಟ್ಟಿದ್ದಾಳೆ. ನಾನು ದಿನಾ ಬೆಳಿಗ್ಗೆಯೇ ನೋಡುವುದು.” ಆಮೇಲೆ ನಮ್ಮ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. “ಅಮ್ಮನಿಗೆ ಹೇಳಬೇಡ ಆಯ್ತಾ? ಮತ್ತೆ ಅವರು ಬರುವುದು ನಿಲ್ಲಿಸಿದರೆ?”

ಅಮ್ಮನೂ ನೋಡಿದ್ದಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

ಆ ಸಂಜೆ ಕಿಟಕಿಯ ಹತ್ತಿರ ನಿಂತು ಕೇಳಿಸಿಕೊಂಡೆ. ಸೊಸೆ ಮನೆ ಬಿಟ್ಟಳು. ಇಬ್ಬರೂ ಒಟ್ಟಿಗೇ “ಅಯ್ಯೋ!” ಎಂದರು. ಇಬ್ಬರಿಗೂ ಗೊತ್ತಿದ್ದ ಕತೆ! ನನ್ನ ಹೊಟ್ಟೆಕಿಚ್ಚು ಇಳಿಯಲಿಲ್ಲ, ಇಮ್ಮಡಿಯಾಯಿತು. ಬರೀ ಟಿವಿಯ ಆಸೆಯಾಗಿದ್ದರೆ ಅವರನ್ನು ಸೋಲಿಸಬಹುದಿತ್ತು...

ಹೋದ ವರ್ಷ ಬಾಯಮ್ಮ ತೀರಿಕೊಂಡರು. ದುಬೈಯಿಂದ ಬಂದ ಮಗಳು ಮನೆಗೆ ಬೀಗ ಹಾಕುವ ಮೊದಲು, ನೆನಪಿಗೆ ಏನಾದರೂ ಇಟ್ಟುಕೊಳ್ಳಿ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ಕೇಳಿದ್ದು ಈ ರಿಮೋಟನ್ನು.

ಈಗ ಏಳೂವರೆಗೆ ಅಮ್ಮ ಮನೆಯಲ್ಲೇ ಇರುತ್ತಾಳೆ. ನಾನು ಬಯಸಿದ್ದೂ ಅದನ್ನೇ. ಬೆಳಿಗ್ಗೆ ನೋಡಿದ್ದನ್ನೇ ಸಂಜೆ ಮತ್ತೆ ಹಾಕಿಕೊಂಡು ಸುಮ್ಮನೆ ಕೂರುತ್ತಾಳೆ, ನಗುವುದಿಲ್ಲ. ನಿನ್ನೆ ಪಕ್ಕದಲ್ಲಿ ಕುಳಿತು, ಏನೂ ಗೊತ್ತಿಲ್ಲದವಳ ಹಾಗೆ ನಾನೂ ಕೂಗಿದೆ: “ಅಯ್ಯೋ ದೇವಾ, ಈ ಅತ್ತೆಗೆ ಎಂತ ಬಂದದ್ದು!”

ಅಮ್ಮ ತಿರುಗಿ ನನ್ನ ಮುಖ ನೋಡಿದಳು. “ಬಾಯಮ್ಮ ಕೂಗಿದ ಹಾಗೆ ಆಗುವುದಿಲ್ಲ ಮಗಾ,” ಎಂದಳು.

ಆ ಹೆಂಗಸು ಇದ್ದಿದ್ದರೆ ನಾಚಿಕೆ ಬಿಟ್ಟು ಬೇಲಿಯ ಹತ್ತಿರ ಹೋಗಿ, ಅದನ್ನು ಹೇಗೆ ಕೂಗುವುದೆಂದು ಕೇಳಿಕೊಂಡಾದರೂ ಬರುತ್ತಿದ್ದೆ.