ಹಗೇವಿನಲ್ಲಿಟ್ಟ ಎಂಟು ಬಾಟಲಿ

ತಿರ್ಲಾಪುರದ ಮೈಲಾರವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಗಾಜಿನ ಸಿರಿಂಜಿನ ಮೇಲಿನ ಗೆರೆಗಳನ್ನು ಅವಳಷ್ಟು ಸರಿಯಾಗಿ ಎಣಿಸುವವರನ್ನು ನಾನು ಕಂಡಿಲ್ಲ. ನಾನೂ ಅಷ್ಟು ಸರಿಯಾಗಿ ಎಣಿಸುತ್ತಿರಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನೂ ಅದೇ ಊರಿನವನು, ನವಲಗುಂದದಲ್ಲಿ ಒಬ್ಬ ಖಾಸಗಿ ಡಾಕ್ಟರರ ಹತ್ತಿರ ಕಂಪೌಂಡರ್ ಆಗಿದ್ದೆ. ಊರಲ್ಲಿ ನನ್ನನ್ನು ಈರಬಸಪ್ಪ ಎನ್ನುವುದನ್ನು ಬಿಟ್ಟು ಅರ್ಧ ಡಾಕ್ಟರ್ ಎನ್ನುತ್ತಿದ್ದರು. ನಾನೂ ಮೀಸೆ ತಿರುವುತ್ತ ಕೇಳಿಸಿಕೊಳ್ಳುತ್ತಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ನಾನು ಹೆಜ್ಜೆಹೆಜ್ಜೆಗೂ ತುಳುಕುತ್ತಿದ್ದೆ.

ಮೈಲಾರವ್ವನ ಗಂಡ ಭರಮಪ್ಪ ಕುರಿ ಕಾಯುವವನು, ವರ್ಷದಲ್ಲಿ ಆರು ತಿಂಗಳು ಹಿಂಡಿನ ಜೊತೆಗೇ ಇರುವವನು. ಇಬ್ಬರಿಗೂ ಒಬ್ಬಳೇ ಮಗಳು, ಮಲ್ಲಕ್ಕ. ಎಲ್ಲರೂ ಮಲ್ಲಿ ಎನ್ನುತ್ತಿದ್ದೆವು. ಆರನೆಯ ವರ್ಷಕ್ಕೆ ಹುಡುಗಿ ಕೊಡಗಟ್ಟಲೆ ನೀರು ಕುಡಿಯತೊಡಗಿದಳು, ಕಡ್ಡಿಯಾದಳು. ಬಚ್ಚಲಲ್ಲಿ ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುವುದನ್ನು ಮೊದಲು ನೋಡಿದವಳು ತಾಯಿಯೇ. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದವನು ನಾನು. ಸಕ್ಕರೆ ರೋಗ, ದಿನಾ ಇನ್ಸುಲಿನ್ ಚುಚ್ಚಬೇಕು ಎಂದರು.

"ಎಷ್ಟ್ ಸೂಜಿಗೆ ಕಡಿಮಿ ಆಕ್ಕೈತ್ರಿ?" ಎಂದು ಭರಮಪ್ಪ ಕೇಳಿದ.

"ಕಡಿಮಿ ಆಗೂದಲ್ಲಪಾ ಇದು. ಇರೂತನಕ ಹಾಕಬೇಕು. ಹಾಕಿದ್ರ ಎಲ್ಲಾರ ಹಂಗ ಬೆಳೀತಾಳ, ಬಿಟ್ರ ಉಳಿಯೂದಿಲ್ಲ" ಎಂದರು ಅಲ್ಲಿಯ ಡಾಕ್ಟರು.

ಮೈಲಾರವ್ವ ಅಳಲಿಲ್ಲ, ಎಲ್ಲಿ ಚುಚ್ಚಬೇಕು ತೋರಿಸ್ರಿ ಎಂದಳು. ಊರಿಗೆ ಬಂದ ಮೇಲೆ ಒಬ್ಬರು ಬೇರು ತಂದರು, ಒಬ್ಬರು ಗುಡಿಯ ಅಂಗಾರ ತಂದರು, ಇನ್ನೊಬ್ಬರು ಮೂರು ಅಮಾವಾಸ್ಯೆಗೆ ವಾಸಿ ಮಾಡುವ ಅಜ್ಜನ ವಿಳಾಸ ತಂದರು. ಅಂಗಾರವನ್ನು ಹಣೆಗೆ ಹಚ್ಚಿದಳು, ಸೂಜಿಯನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. "ಇವತ್ತ ರೊಟ್ಟಿ ಉಂಡ್ರ ನಾಳಿಗಿ ಹಸಿವಿ ಆಗೂದಿಲ್ಲೇನು? ನಾಳಿಗಿ ಮತ್ತ ಬಡೀಬೇಕು. ಇದೂ ಹಂಗ" ಎನ್ನುತ್ತಿದ್ದಳು. ಕಲಿತವರೂ ವಾಸಿಯಾಗುತ್ತದೆಂದು ನಂಬಿ ಹಾಳಾಗುವುದನ್ನು ನಾನು ಕಂಡಿದ್ದೇನೆ. ಇವಳು ಇಲ್ಲದ ಆಸೆ ಇಟ್ಟುಕೊಳ್ಳಲಿಲ್ಲ. ಮಗಳು ಇರಬೇಕು, ಅಷ್ಟೇ ಅವಳ ಬೇಡಿಕೆ.

ಔಷಧಿ ತಂಪಿನಲ್ಲಿರಬೇಕು. ಆಗ ನಮ್ಮೂರಲ್ಲಿ ಫ್ರಿಜ್ ಯಾರ ಮನೆಯಲ್ಲಿತ್ತು? ದೊಡ್ಡ ಗಡಿಗೆಯಲ್ಲಿ ಉಸುಕು ಹಾಕಿ, ನೀರು ಹನಿಸಿ, ನಡುವೆ ಸಣ್ಣ ಗಡಿಗೆ ಇಟ್ಟು, ಅದರೊಳಗೆ ಬಾಟಲಿ ಇಡುವುದನ್ನು ನಾನೇ ಹೇಳಿಕೊಟ್ಟೆ. ಹೊತ್ತುಹೊತ್ತಿಗೆ ಆ ಉಸುಕಿಗೆ ನೀರು ಹಾಕದೆ ಅವಳು ಹೊಲಕ್ಕೆ ಹೋದವಳಲ್ಲ. ದಿನಾ ಬೆಳಿಗ್ಗೆ ಮಗಳ ಉಚ್ಚೆಯ ಎಂಟು ಹನಿಯನ್ನು ಗಾಜಿನ ನಳಿಗೆಯಲ್ಲಿ, ಸಕ್ಕರೆ ನೋಡಲು ದವಾಖಾನೆಯವರು ಕೊಟ್ಟ ನೀಲಿ ಔಷಧಿಗೆ ಹಾಕಿ ದೀಪದ ಮೇಲೆ ಕಾಯಿಸುತ್ತಿದ್ದಳು. ನೀಲಿಯೇ ಉಳಿದರೆ ಒಳ್ಳೆಯದು. ಹಸಿರಾದರೆ ಹುಷಾರ್. ಇಟ್ಟಂಗಿಯ ಕೆಂಪು ಬಣ್ಣ ಬಂದರೆ ಸಕ್ಕರೆ ಮೇರೆ ಮೀರಿದೆ ಎಂದು ಅರ್ಥ. ಹೀಗೆ ನಾಲ್ಕು ವರ್ಷ ನಡೆಯಿತು. ಮಲ್ಲಿ ಸಾಲಿಗೆ ಹೋದಳು, ಜಗಳವಾಡಿದಳು, ದಪ್ಪಗಾದಳು.

ಎಂಬತ್ತನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ಕಡೆ ರೈತರ ಗಲಾಟೆಯಾಗಿ ಬಸ್ಸು ನಿಂತವು. ಬಾಟಲಿಯಲ್ಲಿ ಎರಡು ದಿನದ ಔಷಧಿ ಉಳಿದಿತ್ತು. ಭರಮಪ್ಪ ಅಣ್ಣಿಗೇರಿಯ ತನಕ ನಡೆದು, ರೈಲು ಹಿಡಿದು ಹುಬ್ಬಳ್ಳಿಗೆ ಹೋಗಿ ತಂದ. ಅವನು ಬರುವ ತನಕ ಮೈಲಾರವ್ವ ತುತ್ತು ಅನ್ನ ಮುಟ್ಟಲಿಲ್ಲ. ಆ ಅಂಜಿಕೆ ಅವಳೊಳಗೆ ಕೂತುಬಿಟ್ಟಿತು. ಮುಂದಿನ ಮಾಘದಲ್ಲಿ ಎರಡು ಟಗರು ಮಾರಿಸಿ ಎಂಟು ಬಾಟಲಿ ಒಮ್ಮೆಲೇ ತರಿಸಿದಳು.

ಆ ವರ್ಷ ಜೋಳ ಚೆನ್ನಾಗಿ ಬಂದಿತ್ತು, ಅವರ ಹಗೇವು ತುಂಬುತ್ತಿದ್ದರು. ನೆಲದೊಳಗಿನ ಕಣಜ ಅದು. ಒಳಗೆ ಹುಲ್ಲು ಹೊದಿಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮೂರು ವರ್ಷ ಕಾಳಿಗೆ ಹುಳ ಹತ್ತುವುದಿಲ್ಲ. ನಾನು ಆ ಕಡೆಯಿಂದ ಹೊರಟಿದ್ದೆ. ಮೈಲಾರವ್ವ ಬಾಟಲಿಗಳನ್ನು ಅರಿವೆಯಲ್ಲಿ ಸುತ್ತಿ ಸಣ್ಣ ಗಡಿಗೆಯಲ್ಲಿಟ್ಟುಕೊಂಡು ನಿಂತಿದ್ದಳು.

"ಅಣ್ಣಾರ, ಇವನ್ನ ಹಗೇವಿನ್ಯಾಗ ಇಟ್ರ ನಡೀತೈತೇನ್ರಿ? ಬಸ್ ನಿಂತ್ರೂ ಚಿಂತಿ ಇರೂದಿಲ್ಲ."

"ನಡೀದ ಏನ್ ಮಾಡ್ತೈತಿ ತಂಗಿ? ನಿಮ್ಮ ಮಾವನ ಜ್ವಾಳ ಮೂರು ವರ್ಷ ಕೆಡಲಿಲ್ಲ, ಇದೇನ್ ಕೆಡತೈತಿ? ಅಗದಿ ಚೊಲೋ ವಿಚಾರ."

ನಗುತ್ತ ಹೇಳಿದೆ. ಹೇಳಿ ಮುಂದೆ ನಡೆದೆ.

ಅಯ್ಯೋ ನನ್ನ ಸುಡುಗಾಡು ಬುದ್ಧಿಯೇ! ಹಗೇವು ತೆರೆದಾಗ ಒಂದು ದಿನ ಗಾಳಿಗೆ ಬಿಡದೆ ಯಾರೂ ಇಳಿಯುವುದಿಲ್ಲ. ಆಮೇಲೆ ಇಳಿದವನೂ ಬೆವರಿನಲ್ಲಿ ತೊಯ್ದು ಮೇಲೆ ಬರುತ್ತಾನೆ. ಕಾಳಿನ ಕಾವು ಅಂಥದ್ದು. ನಮ್ಮ ಸೀಮೆಯಲ್ಲಿ ಇದು ಗೊತ್ತಿಲ್ಲದವರಿಲ್ಲ, ನನಗೂ ಗೊತ್ತಿತ್ತು. ಆದರೂ ಹಗೇವಿನಲ್ಲಿಟ್ಟದ್ದು ಕೆಡುವುದಿಲ್ಲ ಎಂಬ ಮಾತು ನಮ್ಮ ರಕ್ತದಲ್ಲೇ ಇದೆ. ಜೋಳ ಬೇರೆ, ಇನ್ಸುಲಿನ್ ಬೇರೆ ಎಂದು ಅರ್ಧ ಡಾಕ್ಟರನಿಗೂ ಹೊಳೆಯಲಿಲ್ಲ.

ಒಂದೂವರೆ ವರ್ಷ ಆ ಬಾಟಲಿಗಳು ಕಾವಿನಲ್ಲಿ ಕೂತವು. ಎಂಬತ್ತೆರಡರ ಶ್ರಾವಣಕ್ಕೆ ಮೊದಲು ಹುಬ್ಬಳ್ಳಿಯ ಅಂಗಡಿಯವರು ಮಾಲು ಬಂದಿಲ್ಲ, ಹದಿನೈದು ದಿನ ಬಿಟ್ಟು ಬರ್ರಿ ಎಂದರು. ಮೈಲಾರವ್ವ ಹೆದರಲಿಲ್ಲ. ಹಗೇವು ತೆರೆಸಿದಳು. ಔಷಧಿ ತಿಳಿನೀರಿನಂತೆ ಸ್ವಚ್ಛ ಇತ್ತು. "ನೋಡ್ರಿ ಅಣ್ಣಾರ, ನಿಮ್ಮ ಮಾತು ಕೇಳಿದ್ದಕ್ಕ ಇವತ್ತ ಬದುಕಿದ್ವಿ" ಎಂದು ನನಗೆ ತೋರಿಸಿದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾಲ್ಕೇ ದಿನಕ್ಕೆ ನಳಿಗೆ ಹಸಿರಾಯಿತು, ಆಮೇಲೆ ಹಳದಿ, ಆಮೇಲೆ ಇಟ್ಟಂಗಿ. ಅದೇ ವಾರ ನಾಗರಪಂಚಮಿ. ನಮ್ಮ ಕಡೆ ಪಂಚಮಿ ಎಂದರೆ ಮನೆಮನೆಗೂ ಡಬ್ಬಿ ತುಂಬ ಉಂಡಿ. ಶೇಂಗಾದುಂಡಿ, ಎಳ್ಳುಂಡಿ, ರವೆಯುಂಡಿ. ಹುಡುಗಿಯರು ಒಬ್ಬರ ಮನೆಯಿಂದ ಒಬ್ಬರ ಮನೆಗೆ ಜೋಕಾಲಿ ಆಡುತ್ತ ಹೋಗುತ್ತಾರೆ. ಇನ್ನೇನು ಬೇಕು? ಮಗಳು ಕದ್ದು ತಿಂದಿದ್ದಾಳೆ ಎಂದು ತಾಯಿ ತೀರ್ಮಾನಿಸಿದಳು, ನಾನೂ ಹೂಂಗುಟ್ಟಿದೆ.

"ಖರೇ ಹೇಳ ಮಲ್ಲಿ. ಎಷ್ಟ್ ತಿಂದಿ?"

"ತಿಂದಿಲ್ಲ ಬೇ."

ನನ್ನೆದುರಿಗೇ ಕೆನ್ನೆಗೆ ಎರಡು ಬಿಟ್ಟಳು. ಬಾಜೂ ಮನೆಯ ಮಹಾದೇವಕ್ಕ ಓಡಿ ಬಂದು, "ನಮ್ಮನಿಯಾಗಂತೂ ಹುಡುಗಿ ಒಂದ ಕಾಳೂ ಮುಟ್ಟಿಲ್ಲ, ಯಾಕ ಬಡೀತಿ?" ಎಂದು ಬೈದಳು. ಮೂರನೆಯ ಏಟಿಗೆ ಕೈ ಎತ್ತಿದಾಗ ಮಲ್ಲಿ, "ತಿಂದೆ. ಎಳ್ಳುಂಡಿ ತಿಂದೆ" ಎಂದಳು. ನಮಗಿಬ್ಬರಿಗೂ ಜೀವ ಹಗುರಾಯಿತು. ಕಾರಣ ಸಿಕ್ಕಿತಲ್ಲ! ಅಂದಿನಿಂದ ಹುಡುಗಿಯನ್ನು ಮನೆಯೊಳಗೇ ಕೂಡಿಸಿದಳು. ಸೂಜಿ ಎಂದಿನಂತೆ ಇಪ್ಪತ್ತು ಗೆರೆ, ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಳಿಗೆ ದಿನಾ ಕೆಂಪಗೇ ಇತ್ತು. ಆಗ ನಾನು ಆ ನೀಲಿ ಔಷಧಿಯೇ ಕೆಟ್ಟಿರಬೇಕು ಎಂದೆ. ಕೆಡದೆ ಇದ್ದದ್ದು ಅದೊಂದೇ.

ಹಗೇವಿನ ಬಾಟಲಿ ಸುರುಮಾಡಿದ ಒಂಬತ್ತನೆಯ ದಿನ ಹುಡುಗಿ ವಾಂತಿ ಮಾಡಿಕೊಂಡಳು. ಉಸಿರು ಮೇಲುಮೇಲಕ್ಕೆ ಎಳೆಯುತ್ತಿದ್ದಳು, ಬಾಯಿಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಎತ್ತಿನ ಚಕ್ಕಡಿ ಕಟ್ಟಿ ನವಲಗುಂದಕ್ಕೆ, ಅಲ್ಲಿಂದ ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದೆವು. ಬಸ್ಸಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿದ್ದವಳು ಕಣ್ಣು ತೆರೆದು, "ಯವ್ವಾ, ನಾ ಉಂಡಿ ತಿಂದಿದ್ದಿಲ್ಲ ಬೇ" ಎಂದಳು. ಅವಳು ಆಡಿದ ಕೊನೆಯ ಮಾತು ಅದು. ಮರುದಿನ ಮಧ್ಯಾಹ್ನ ದವಾಖಾನೆಯಲ್ಲಿ ತೀರಿಕೊಂಡಳು. ಹನ್ನೆರಡನೆಯ ವರ್ಷ ನಡೆಯುತ್ತಿತ್ತು.

ಡಾಕ್ಟರು ಬಾಟಲಿ ಕೇಳಿದರು. ಬೆಳಕಿಗೆ ಹಿಡಿದು ನೋಡಿ, ಎಲ್ಲಿಟ್ಟಿದ್ದಿರಿ ಎಂದರು. ಮೈಲಾರವ್ವ ಹೇಳಿದಳು. ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಕಾವಿಗೆ ಇದರ ಶಕ್ತಿ ಹೋಗಿರತೈತಿ ತಾಯಿ. ಅರ್ಧಾ ಉಳಿದಿದ್ರ ಹೆಚ್ಚು. ಅಲ್ಲಿ ಇಡಂತ ಯಾರ್ ಹೇಳಿದ್ರು?" ಎಂದರು.

ನಾನು ಅವಳ ಬೆನ್ನಿಗೇ ನಿಂತಿದ್ದೆ.

"ನಂದ ಬುದ್ಧಿರಿ. ಯಾರೂ ಹೇಳಿಲ್ಲ" ಎಂದಳು ಮೈಲಾರವ್ವ.

ಮಣ್ಣು ಮಾಡಿ ಹನ್ನೆರಡು ದಿನವಾದ ಮೇಲೆ ಅವಳ ಮನೆಗೆ ಹೋದೆ. ತಪ್ಪು ನನ್ನದು ಎಂದು ಹೇಳಬೇಕೆಂದೇ ಹೋದೆ, ದೇವರಾಣೆ. ಉಸುಕಿನ ಗಡಿಗೆ ಒಣಗಿ ಬಿರುಕು ಬಿಟ್ಟಿತ್ತು. ಭರಮಪ್ಪ ಹಿಂಡಿನ ಕಡೆ ಹೋಗಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಅಣ್ಣಾರ, ನಿಮ್ಮನ್ನೊಂದು ಕೇಳಬೇಕು. ಅದರಾಗ ಅರ್ಧಾ ಶಕ್ತಿ ಇತ್ತಂತಲ್ಲ. ಇಪ್ಪತ್ತರ ಬದ್ಲಿ ನಲವತ್ತು ಗೆರಿ ಹಾಕಿದ್ರ ನನ್ನ ಮಗಳು ಉಳೀತಿದ್ಲೇನ್ರಿ?"

ಹಸಿರಾದ ದಿನದಿಂದ ನಳಿಗೆ ಅದನ್ನೇ ಕೂಗಿ ಹೇಳುತ್ತಿತ್ತು. ಹೆಚ್ಚು ಹಾಕಿ, ಹುಬ್ಬಳ್ಳಿಗೆ ಓಡಿದ್ದರೆ ಹುಡುಗಿ ಇಂದು ಅಂಗಳದಲ್ಲಿ ಇರುತ್ತಿದ್ದಳು.

"ಇಲ್ಲ ತಂಗಿ, ಉಳೀತಿದ್ದಿಲ್ಲ" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀವು ಹೇಳಿದ್ರ ಖರೇನ ಇರತೈತ್ರಿ" ಎಂದಳು.